ಬಾ ಅಂದನೋ, ಬ್ಯಾಡ ಅಂದನೋ

ಚಳಿ ಬಿಟ್ಟಿತ್ತು, ಬಿಸಿಲು ಇನ್ನೂ ಚುರುಕಾಗಿರಲಿಲ್ಲ. ಕಿತ್ತು ಹೊಲದಲ್ಲೇ ಸಾಲಾಗಿ ಬಿಟ್ಟಿದ್ದ ಈರುಳ್ಳಿ ನಾಲ್ಕು ದಿನ ಒಣಗಿ ಅಂಗಳಕ್ಕೆ ಬಂದಿತ್ತು. ಬೆಳಗ್ಗೆ ಏಳಕ್ಕೆ ಕೂತವರು ಹತ್ತಾದರೂ ಎದ್ದಿರಲಿಲ್ಲ. ಸೊಸೆ ಗೆಡ್ಡೆಯ ಮೇಲೆ ಒಂದು ಬೆರಳಗಲ ಕತ್ತು ಉಳಿಸಿ ಸೊಪ್ಪು ಕತ್ತರಿಸುತ್ತಿದ್ದಳು. ಗಂಡ ಒಂದೊಂದನ್ನೂ ಅಂಗೈಯಲ್ಲಿ ಹೊರಳಿಸಿ ದಪ್ಪ, ನಡುವಿನದು, ಸಣ್ಣದು ಎಂದು ಮೂರು ರಾಶಿ ಮಾಡುತ್ತಿದ್ದ. ಕತ್ತು ದಪ್ಪಗಿದ್ದರೆ ಅದು ನಾಲ್ಕನೆಯ ರಾಶಿ. ಅಂಥದ್ದು ಒಳಗೆ ಒಣಗಿರುವುದಿಲ್ಲ. ಶೆಡ್ಡಿನಲ್ಲಿಟ್ಟರೆ ತಾನೂ ಕೊಳೆತು ಅಕ್ಕಪಕ್ಕದ್ದನ್ನೂ ಕೊಳೆಸುತ್ತದೆ. ಈ ಕೆಲಸಕ್ಕೆ ಕಣ್ಣಿಗಿಂತ ಹೆಬ್ಬೆರಳು ಮುಖ್ಯ. ಅವನು ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಅವನ ಹೆಬ್ಬೆರಳು ಆ ಕತ್ತುಗಳನ್ನು ಬಲ್ಲದು.

ಅಂಗಳದ ಮೂಲೆಯಲ್ಲಿ ಚೀಲ ಹೊಲಿಯುವವನು ಕಾಲು ಚಾಚಿ ಕೂತಿದ್ದ. ಊರೆಲ್ಲ ಅವನನ್ನು ದಬ್ಬಳ ಎಂದೇ ಕರೆಯುತ್ತಿತ್ತು. ಕೈಯಲ್ಲಿ ಸದಾ ದಬ್ಬಳ ಇರುತ್ತಿದ್ದುದು ಒಂದು ಕಾರಣ, ಮಾತೂ ಹಾಗೇ ಚುಚ್ಚುತ್ತಿದ್ದುದು ಇನ್ನೊಂದು.

ಅವತ್ತು ಮಾತ್ರ ಅವನೂ ತಲೆ ತಗ್ಗಿಸಿ ಹೊಲಿಯುತ್ತಿದ್ದ. ಜಗುಲಿಯ ಮೇಲೆ ಒಂದು ಹಸಿರು ಟ್ರಂಕು ಇತ್ತು, ಅದರ ಮೇಲೆ ಸುತ್ತಿದ ಹಾಸಿಗೆ, ಹಾಸಿಗೆಯ ಮೇಲೆ ಎರಡು ಹಳೆಯ ಬ್ಯಾಟು. ಬೆಳಕು ಹರಿಯುವ ಮೊದಲೇ ಅತ್ತೆ ಅದನ್ನೆಲ್ಲ ಪಕ್ಕದ ಕೋಣೆಯಿಂದ ಎಳೆದು ತಂದು ಹೊರಗಿಟ್ಟಿದ್ದಳು. ಟ್ರಂಕು ನೆಲಕ್ಕೆ ಉಜ್ಜುವ ಸದ್ದಿಗೆ ಸೊಸೆ ಎದ್ದು ಬಂದಾಗ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಮಧ್ಯಾಹ್ನದ ಬಸ್ಸಿಗೆ ಬರ್ತಾನಂತಲ್ಲ ನಿನ್ನ ತಮ್ಮ. ಒಳಗೆ ಬರೋ ಶ್ರಮ ಬ್ಯಾಡ. ಇಲ್ಲಿಂದಲೇ ತಗೊಂಡು ಹೋಗ್ಲಿ."

ಹೇಳುವುದಾದರೆ ಗಂಡ ಹೇಳಬೇಕಿತ್ತು. ಅವನು ಮುಖ ತೊಳೆದು ಬಂದವನು ಟ್ರಂಕನ್ನು ನೋಡಿದ, ಒರೆಸಿಕೊಳ್ಳುತ್ತಿದ್ದ ಟವೆಲನ್ನು ನೋಡಿದ, ಅಂಗಳಕ್ಕಿಳಿದು ಈರುಳ್ಳಿಯ ಮುಂದೆ ಕೂತ.

ತಮ್ಮ ಈ ಮನೆಗೆ ಬಂದಾಗ ಅವನಿಗೆ ಹತ್ತು ವರ್ಷ. ತಾಯಿ ಹೋಗಿ ಆರು ತಿಂಗಳಾಗಿತ್ತು, ತಂದೆ ಅದಕ್ಕೂ ಮೊದಲೇ ಇರಲಿಲ್ಲ. ಮದುವೆಯಾಗಿ ಬಂದ ವರ್ಷವೇ ತಮ್ಮನನ್ನೂ ಕರೆತಂದ ಸೊಸೆಯನ್ನು ಯಾವ ಅತ್ತೆ ತಾನೇ ನಗುಮುಖದಿಂದ ನೋಡುತ್ತಾಳೆ? ಈ ಅತ್ತೆ ಮಾತ್ರ ಹುಡುಗನ ರಟ್ಟೆ ಹಿಡಿದು ನೋಡಿ, "ಏನೇ ಇದು, ಕಡ್ಡಿಗೆ ಅಂಗಿ ಹಾಕಿದ ಹಾಗಿದ್ದಾನೆ, ಮೊದಲು ತಟ್ಟೆ ತಾ" ಎಂದಿದ್ದಳು. ಅವತ್ತಿನಿಂದ ಅವನ ಹೆಸರು ಕಡ್ಡಿ. ಎರಡನೆಯ ಸಲ ಬಡಿಸಲು ಹೋದರೆ ಅವನು ತಟ್ಟೆಗೆ ಅಡ್ಡ ಬಾಗುತ್ತಿದ್ದ. ಬ್ಯಾಡ ಎನ್ನಲು ಬಾಯಿ ತೆರೆಯುತ್ತಿದ್ದ, ಆದರೆ ಮಾತಿನ ಬಾಲ ಅವನ ಗಂಟಲಲ್ಲೇ ಉಳಿಯುತ್ತಿತ್ತು. ಹೊರಗೆ ಬರುತ್ತಿದ್ದುದು ಬರೀ "ಬ್ಯಾ". ಅತ್ತೆ ಸೌಟು ಹಿಡಿದುಕೊಂಡೇ ನಗುತ್ತಿದ್ದಳು: "ಕುರಿಮರಿ ಕೂಗ್ತು, ಇನ್ನು ಸಾಕಂತೆ." ಅವನು ದೊಡ್ಡವನಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಅತ್ತೆಯ ಆ ಮಾತೂ ಹೋಗಲಿಲ್ಲ.

ಅವಳ ಗಂಡ, ಹುಡುಗನ ಭಾವ, ಆಗಲೇ ಹೆಸರು ಮಾಡುತ್ತಿದ್ದ ಕ್ರಿಕೆಟ್ ಆಟಗಾರ. ಬಿಡುವಿದ್ದಾಗಲೆಲ್ಲ ಶೆಡ್ಡಿನ ಹಿಂದೆ ಗೋಣಿಚೀಲ ಹಾಸಿ ಹುಡುಗನಿಗೆ ಬ್ಯಾಟು ಹಿಡಿಯುವುದನ್ನು ಕಲಿಸಿದ. ಓಟ ತೆಗೆಯುವುದನ್ನೂ ಕಲಿಸಿದ. ಬೇರೆ ಕಡೆ ಆಟಗಾರರು ಯೆಸ್, ನೋ ಎಂದು ಕೂಗಿಕೊಳ್ಳುತ್ತಾರೆ. ಇವರಿಬ್ಬರದು ಮಾತ್ರ ಮನೆಯ ಭಾಷೆ: ಓಡುವುದಾದರೆ ಬಾ, ನಿಲ್ಲುವುದಾದರೆ ಬ್ಯಾಡ. "ಎದುರಾಳಿಗೂ ಅರ್ಥ ಆಗಲ್ಲ, ಅದೂ ಒಂದು ಲಾಭ" ಎಂದು ಭಾವ ನಗುತ್ತಿದ್ದ.

ಭಾವ ದೇಶದ ತಂಡಕ್ಕೆ ಹನ್ನೊಂದು ಪಂದ್ಯ ಆಡಿದ. ಆಮೇಲೆ ಹೊರದೇಶದ ಒಬ್ಬ ಎಡಗೈ ಬೌಲರನ ಚೆಂಡಿಗೆ ಮೂರು ಸಲ ಒಂದೇ ರೀತಿ ಔಟಾದ, ತಂಡದಿಂದ ಹೊರಬಿದ್ದ. ಮೂರು ವರ್ಷ ರಾಜ್ಯದ ಪಂದ್ಯಗಳಲ್ಲಿ ರನ್ನು ಗುಡ್ಡೆ ಹಾಕಿದರೂ ಆಯ್ಕೆಗಾರರು ಇತ್ತ ತಿರುಗಿ ನೋಡಲಿಲ್ಲ. ಖಾಲಿ ಮೈದಾನದಲ್ಲಿ ಹೊಡೆದ ನೂರನ್ನು ಯಾರು ನೋಡುತ್ತಾರೆ? ನೋಡುವುದೆಲ್ಲ ಫ್ರಾಂಚೈಸಿ ಆಟ. ಆಟಗಾರರನ್ನು ಹರಾಜಿಗಿಟ್ಟು ತಂಡ ಕಟ್ಟುವ ಇಪ್ಪತ್ತು ಓವರಿನ ಆಟ. ಈ ವರ್ಷ ಹರಾಜಿನ ಎರಡನೆಯ ಸುತ್ತಿನಲ್ಲಿ ಒಂದು ತಂಡ ಅವನನ್ನು ತೆಗೆದುಕೊಂಡಿತು. ತರಬೇತುದಾರನಿಗೆ ಹೇಳಿ ಕಡ್ಡಿಯನ್ನೂ ಅದೇ ತಂಡಕ್ಕೆ ಸೇರಿಸಿದವನು ಅವನೇ. ಭಾವನಿಗೆ ಮೂವತ್ತೈದು, ಬಾಮೈದನಿಗೆ ಇಪ್ಪತ್ನಾಲ್ಕು. ಮುಂದಿನ ಪ್ರವಾಸಕ್ಕೆ ದೇಶದ ತಂಡದಲ್ಲಿ ಖಾಲಿ ಇದ್ದುದು ಒಬ್ಬ ಬ್ಯಾಟ್ಸ್‌ಮನ್‌ನ ಜಾಗ.

ಮೂರು ವಾರದ ಹಿಂದೆ ಸೆಮಿಫೈನಲ್. ಆಯ್ಕೆಗಾರರು ಗಾಜಿನ ಹಿಂದೆ ಕೂತಿದ್ದರು. ಭಾವ ಅರವತ್ನಾಲ್ಕಕ್ಕೆ ಬಂದಿದ್ದ, ಕಡ್ಡಿ ಎದುರು ತುದಿಯಲ್ಲಿದ್ದ. ಭಾವ ಚೆಂಡನ್ನು ಕಾಲಿನ ಹಿಂಬದಿಗೆ ತಟ್ಟಿದ. ಚೆಂಡು ಬೆನ್ನ ಹಿಂದೆ ಹೋದರೆ ಕೂಗಬೇಕಾದವನು ಎದುರು ತುದಿಯವನು. ಕಡ್ಡಿ ಕೂಗಿದ. ಭಾವ ಓಡಿದ. ಕಡ್ಡಿ ನಿಂತಲ್ಲೇ ನಿಂತ. ಅರ್ಧ ದಾರಿಯಿಂದ ಹಿಂತಿರುಗುವಷ್ಟರಲ್ಲಿ ಕೀಪರ್ ಬೇಲ್ಸ್ ಹಾರಿಸಿದ್ದ, ಭಾವ ಔಟ್. ಉಳಿದ ಮೂರು ಓವರಿನಲ್ಲಿ ಕಡ್ಡಿ ನಲವತ್ತು ಬಾರಿಸಿ ಪಂದ್ಯ ಗೆಲ್ಲಿಸಿದ. ಹೋದ ಗುರುವಾರ ತಂಡ ಪ್ರಕಟವಾಯಿತು. ಕಡ್ಡಿಯ ಹೆಸರಿತ್ತು.

ಸೆಮಿಫೈನಲ್ ದಿನದಿಂದಲೇ ಅತ್ತೆಯ ಬಾಯಲ್ಲಿ ಒಂದೇ ಮಾತು. ಬಾ ಅಂತ ಕರೆದ, ಕರೆದು ನಿಂತ್ಕೊಂಡ. ಹಾಲು ಹಾಕಲು ಹೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ದಾರಿಯಲ್ಲಿ ಸಿಕ್ಕವರ ಮುಂದೆ, ಅದೇ. ಮಗ ಮಾತ್ರ ಹೌದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಕಡ್ಡಿ ಹನ್ನೆರಡೂವರೆಯ ಬಸ್ಸಿಗೆ ಬಂದ. ಬೆನ್ನಿಗೆ ಹೊಸ ಚೀಲ, ಕಾಲಿಗೆ ಹಳೆಯ ಚಪ್ಪಲಿ. ಗೇಟಿನ ಹತ್ತಿರವೇ ಜಗುಲಿ ಕಂಡಿತು. ಅವನು ಟ್ರಂಕಿನಿಂದ ಅಕ್ಕನ ಕಡೆಗೆ ಕಣ್ಣು ತಿರುಗಿಸಿದ. ಅಕ್ಕ ತಲೆ ತಗ್ಗಿಸಿ ಇನ್ನೊಂದು ಗೆಡ್ಡೆ ಎತ್ತಿಕೊಂಡಳು.

ದಬ್ಬಳನೇ ಮೊದಲು ಮಾತಾಡಿದ. "ಬಾಪ್ಪಾ. ಪೇಪರಲ್ಲಿ ನಿನ್ನ ಫೋಟೋ ನೋಡ್ದೆ. ನಮ್ಮನೇಲಿ ಅದರ ಮೇಲೇ ಊಟ ಮಾಡಿದ್ವಿ, ಮೂಗಿನ ಹತ್ರ ಸ್ವಲ್ಪ ಎಣ್ಣೆ ಆಗಿದೆ ಅಷ್ಟೇ."

ಕಡ್ಡಿ ನಕ್ಕ. ಬೇರೆ ಯಾರೂ ನಗಲಿಲ್ಲ. ಅವನು ಜಗುಲಿಯ ಮೆಟ್ಟಿಲ ಬಳಿ ಹೋಗಿ ನಿಂತ. "ಅತ್ತೆ, ಸೋಮವಾರ ಕ್ಯಾಂಪು ಶುರು. ಮೂರು ಗಂಟೆ ಬಸ್ಸಿಗೆ ಹೋಗ್ಬೇಕು. ನಿಮ್ಮ ಕಾಲಿಗೆ..."

"ನನ್ನ ಕಾಲು ಅಲ್ಲೇ ಇರ್ಲಿ." ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು, ಎದ್ದೇಳಲಿಲ್ಲ. "ನಿನ್ನ ಸಾಮಾನು ಎಲ್ಲಾ ಸರಿಯಾಗಿದೆಯಾ ನೋಡ್ಕೋ. ಆಮೇಲೆ ಅದಿಲ್ಲ ಇದಿಲ್ಲ ಅನ್ಬೇಡ."

"ಅತ್ತೆ, ನಾನು ಬ್ಯಾಡ ಅಂದೆ."

"ಅಂದೆ. ಈಗ ಚೆನ್ನಾಗಿ ಅಂತೀಯ, ಡ ಕೂಡ ಕೇಳಿಸ್ತು." ಅವಳು ಸೆರಗಿನಿಂದ ಮೊಬೈಲು ತೆಗೆದಳು. "ಅವತ್ತು ಏನಂದೆ ಕೇಳ್ತೀಯಾ? ಸ್ಟಂಪಲ್ಲಿ ಮೈಕು ಇಟ್ಟಿರ್ತಾರಂತೆ. ನೂರು ಸಲ ಕೇಳಿದೀನಿ ನಾನು. ಇವಳೂ ಕೇಳ್ಲಿ. ಇವತ್ತಿನವರೆಗೂ ಕೇಳಿಲ್ಲ ನಿನ್ನಕ್ಕ, ಕಿವಿ ಮುಚ್ಕೊಂಡು ಓಡಾಡ್ತಾಳೆ."

ಅದು ನಿಜ. ಗಂಡ ಔಟಾಗುವುದನ್ನೂ ತಮ್ಮ ಬೈಸಿಕೊಳ್ಳುವುದನ್ನೂ ಒಟ್ಟಿಗೆ ನೋಡುವ ಗಟ್ಟಿತನ ಅವಳಿಗಿರಲಿಲ್ಲ. ಪಂದ್ಯದ ದಿನ ಅವಳು ಹೊಲದಲ್ಲಿದ್ದಳು, ಆಮೇಲೆ ಯಾರಾದರೂ ಆ ತುಣುಕು ಹಾಕಿದರೆ ಎದ್ದು ಹೋಗುತ್ತಿದ್ದಳು. ಈಗ ಹೋಗುವುದಕ್ಕೆ ಜಾಗವಿರಲಿಲ್ಲ. ಅತ್ತೆ ಸದ್ದು ಪೂರ್ತಿ ಏರಿಸಿದಳು. ಜನರ ಕೂಗು, ಕಾಮೆಂಟರಿ, ಬ್ಯಾಟಿಗೆ ಚೆಂಡು ತಾಕಿದ ಸಣ್ಣ ಟಕ್, ಅದರ ಬೆನ್ನಿಗೆ ದೂರದಿಂದ ಒಂದು ಧ್ವನಿ. ಮತ್ತೆ ಗದ್ದಲ.

"ಕೇಳಿಸ್ತಾ? ಬಾ."

ಸೊಸೆಗೆ ಕೇಳಿಸಿತು. ಹದಿನಾಲ್ಕು ವರ್ಷ ಸೌಟು ಹಿಡಿದು ಅವನ ಮುಂದೆ ನಿಂತವಳಿಗೆ ಹೇಗೆ ಕೇಳಿಸದೆ ಇರುತ್ತದೆ? ಅದು ಬಾ ಅಲ್ಲ. ಬಾಲ ನುಂಗಿಕೊಂಡ ಬ್ಯಾ.

"ಅತ್ತೆ, ಇನ್ನೊಂದು ಸಲ ಹಾಕಿ. ನೀವೇ ಕುರಿಮರಿ ಅಂತಿದ್ರಲ್ಲ, ಅದೇ ಇದು. ಇದು ಬ್ಯಾ."

"ಸಾಕು ಬಿಡು. ಒಡಹುಟ್ಟಿದವನ ಪರವಾಗಿ ಕಿವಿನೂ ಸುಳ್ಳು ಹೇಳತ್ತೆ." ಅತ್ತೆಯ ಧ್ವನಿ ಒಮ್ಮೆಲೇ ಒಡೆಯಿತು. "ನನ್ನ ಮಗನ ಮೊಣಕಾಲಿಗೆ ಮೂರು ವರ್ಷ ಎಣ್ಣೆ ತಿಕ್ಕಿದೀನಿ ನಾನು. ದಿನಾ ಬೆಳಗ್ಗೆ... ಅವನು ನೋವು ಅಂದವನಲ್ಲ. ಇದೊಂದೇ ಆಟ ಅವ್ವ, ಇದರಲ್ಲಿ ನೋಡ್ತಾರೆ ನನ್ನ ಅಂದಿದ್ದ. ನೋಡೋ ಹೊತ್ತಿಗೆ ಸರಿಯಾಗಿ ಇವನು... ಸ್ವಂತ ಮಗನ ಹಾಗೆ ಬಡಿಸಿದೆನಲ್ಲೋ ನಿನಗೆ."

ಕಡ್ಡಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳು ಗಂಡನ ಕಡೆ ತಿರುಗಿದಳು. ಅವನು ತಲೆ ಎತ್ತದೆ ಗೆಡ್ಡೆ ಆರಿಸುತ್ತಲೇ ಇದ್ದ. ಒಂದನ್ನು ಎತ್ತಿದ, ಅಂಗೈಯಲ್ಲಿ ಹೊರಳಿಸಿದ, ದಪ್ಪ ರಾಶಿಗೆ ಹಾಕಿದ. ಅದರ ಕತ್ತು ಹೆಬ್ಬೆರಳಷ್ಟು ದಪ್ಪಗಿತ್ತು. ಇನ್ನೊಂದನ್ನೂ ಹಾಗೇ ಹಾಕಿದ. ಅವನ ಕೈ ಯಾವತ್ತೂ ಮಾಡದ ತಪ್ಪು. ಅವಳು ಕತ್ತಿ ಕೆಳಗಿಟ್ಟಳು. ತಾನು ಹದಿನಾಲ್ಕು ವರ್ಷ ಬಡಿಸಿದ್ದರೆ, ಇವನು ಹದಿನಾಲ್ಕು ವರ್ಷ ಅದೇ ಹುಡುಗನ ಪಕ್ಕದಲ್ಲಿ ಕೂತು ಉಂಡಿದ್ದಾನೆ.

"ರೀ, ಶೆಡ್ಡಿನಲ್ಲಿ ತಟ್ಟಿ ಸರಿಸ್ಬೇಕು, ಸ್ವಲ್ಪ ಬನ್ನಿ" ಎಂದು ಎದ್ದಳು.

ಶೆಡ್ಡಿನ ಗೋಡೆಗಳಿಗೆ ಪಟ್ಟಿ ಬಿಟ್ಟು ಪಟ್ಟಿ ಬಡಿದಿದ್ದರು, ಗಾಳಿಯಾಡಲೆಂದು. ಬಿಸಿಲು ಗೆರೆಗೆರೆಯಾಗಿ ಒಳಗೆ ಬಿದ್ದಿತ್ತು. ಒಣಸಿಪ್ಪೆ ಕಾಲಡಿ ಗರಗರ ಎನ್ನುತ್ತಿತ್ತು. ಅವಳು ಬಿದಿರ ತಟ್ಟಿಯನ್ನು ಮುಟ್ಟಲೂ ಇಲ್ಲ.

"ನಿಮಗೆ ಕೇಳಿಸಿತ್ತು."

"ಏನು?"

"ಅವನು ಬ್ಯಾಡ ಅಂದದ್ದು. ಅವ್ವನಿಗೆ ಸಿಟ್ಟಲ್ಲಿ ಬಾ ಅಂತ ಕೇಳಿಸ್ಬಹುದು. ನಿಮಗೆ ಹೇಗೆ ಕೇಳಿಸತ್ತೆ?"

ಅವನು ಕಂಬಕ್ಕೆ ಕೈಯೂರಿ ನಿಂತ. ಹೊರಗೆ ದಬ್ಬಳ ಚೀಲ ಕೊಡವಿದ ಸದ್ದು ಕೇಳಿಸಿತು.

"ಹೂಂ. ಕೇಳಿಸ್ತು."

"ಮತ್ತೆ ಯಾಕೆ ಓಡಿದ್ರಿ?"

"ಓವರಿನ ಕೊನೇ ಚೆಂಡು ಅದು. ಒಂದು ರನ್ ಸಿಕ್ಕಿದ್ರೆ ಮುಂದಿನ ಓವರೂ ನನ್ನದೇ." ಅವನು ಬೇರೆ ಯಾರದೋ ಆಟದ ವಿಷಯ ಹೇಳುವವನಂತೆ ಸಮಾಧಾನವಾಗಿ ಹೇಳಿದ. "ಚೆಂಡು ಕೀಪರ್ ಹತ್ತಿರಾನೇ ಇತ್ತು. ಓಡಿದ್ರೆ ಕೀಪರ್ ಕಡೆಗೆ ಬರಬೇಕಾದವನು ಅವನು. ಔಟಾಗೋನು ಅವನು, ನಾನಲ್ಲ. ಅದೂ ಗೊತ್ತಿತ್ತು ನನಗೆ. ನಾನು ಓಡಿದ್ರೆ ಅವನು ಓಡೇ ಓಡ್ತಾನೆ. ಯಾವತ್ತೂ ಹಾಗೇ ಮಾಡಿದ್ದಾನೆ. ಬ್ಯಾಡ ಅಂದ್ರೂ ಬರ್ತಾನೆ ಅಂದ್ಕೊಂಡೆ. ಚಿಕ್ಕವನು, ಅವನಿಗೆ ಮುಂದಿನ ವರ್ಷ ಇದೆ ಅಂದ್ಕೊಂಡೆ."

"ಅಷ್ಟೆಲ್ಲ ಆ ಒಂದು ಗಳಿಗೇಲಿ ಅಂದ್ಕೊಂಡ್ರಾ?"

"ಅಂದ್ಕೊಳ್ಳೋಕೆ ಎಷ್ಟು ಹೊತ್ತು ಬೇಕು?"

ಅವಳು ತಟ್ಟಿಯ ಅಂಚಿಗೆ ಕೂತಳು. ಈ ಮನುಷ್ಯ ತನ್ನ ತಮ್ಮನಿಗೆ ಬೂಟು ಕಟ್ಟುವುದನ್ನು ಕಲಿಸಿದ್ದ. ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಎರಡು ಮೈಲಿ ನಡೆದಿದ್ದ. ಅವನೇ ಇವನು. ಅವಳು ಕಾಲಡಿಯ ಒಣಸಿಪ್ಪೆಯನ್ನು ಬದಿಗೆ ಸರಿಸಿದಳು.

"ಔಟಾದದ್ದು ಆಯ್ತು" ಎಂದಳು ಕೊನೆಗೆ. "ಮೂರು ವಾರ ಸುಮ್ಮನಿದ್ರಲ್ಲ, ಅದು?"

"ಅವ್ವ ತಡ್ಕೊಳ್ಳಲ್ಲ ಕಣೇ. ನನಗೆ ಎಲ್ಲರೂ ಅನ್ಯಾಯ ಮಾಡಿದ್ರು ಅಂತ್ಲೇ ಅವಳು ಜೀವ ಹಿಡ್ಕೊಂಡಿದ್ದಾಳೆ."

"ಅವನು ತಡ್ಕೊಂಡಿದ್ದಾನಲ್ಲ. ನಾನೇನೂ ಹೇಳಲ್ಲ, ನಾನು ಹೇಳಿದ್ರೆ ಅದು ತಮ್ಮನ ಪರ ಆಗತ್ತೆ. ನೀವು ಹೇಳ್ಬೇಕು. ಹೇಳ್ದೇ ಇದ್ರೆ ಇವತ್ತು ಟ್ರಂಕಿನ ಜೊತೆ ಅವನು ಹೋಗ್ತಾನೆ, ಮತ್ತೆ ಬರಲ್ಲ. ಕರೆದ್ರೂ ಬರಲ್ಲ. ನನಗೆ ಗೊತ್ತು ಅವನು."

ಅವನು ಅಂಗಳಕ್ಕೆ ಬಂದಾಗ ದಬ್ಬಳ ಅವನ ಮುಖ ನೋಡಿ, "ಬೀಡಿ ಸೇದ್ಕೊಂಡು ಬರ್ತೀನಿ" ಎಂದು ದಬ್ಬಳವನ್ನು ಚೀಲಕ್ಕೆ ಚುಚ್ಚಿ ಗೇಟಿನಾಚೆ ಹೋದ. ಗಂಡ ಜಗುಲಿಯ ಮುಂದೆ ನಿಂತ. ದೇಶದ ಬಾವುಟದ ಮುಂದೆ ಹನ್ನೊಂದು ಸಲ ನಿಂತವನು, ತನ್ನ ತಾಯಿಯ ಮುಂದೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ಅವ್ವ, ಅವನು ಬ್ಯಾಡ ಅಂದಿದ್ದ. ನನಗೆ ಸರಿಯಾಗಿ ಕೇಳಿಸಿತ್ತು. ಕೇಳಿಸಿದ್ರೂ ಓಡ್ದೆ. ಅವನು ಔಟಾಗ್ಲಿ, ನಾನು ಆಡ್ತೀನಿ ಅಂತ ಓಡ್ದೆ. ತಪ್ಪು ನನ್ನದು."

ಅತ್ತೆ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿತು. ಸೊಸೆಗೆ ಒಂದು ಗಳಿಗೆ ಎಲ್ಲ ಸರಿಹೋಯಿತು ಎನ್ನಿಸಿತು.

"ನೋಡೋ" ಎಂದಳು ಅತ್ತೆ ಕಡ್ಡಿಯ ಕಡೆ ತಿರುಗಿ. "ನೋಡ್ಕೋ ನಿನ್ನ ಭಾವನ್ನ. ನಿನಗೋಸ್ಕರ ತನ್ನ ಮೇಲೆ ಹಾಕ್ಕೋತಿದ್ದಾನೆ. ನೀನು ಅವನ ಬಾಳು ಕೆಡಿಸಿದೆ, ಅವನು ನಿನ್ನ ಹೆಸರು ಉಳಿಸ್ತಿದ್ದಾನೆ. ಇಂಥವನಿಗೆ... ಇಂಥ ಮಗನಿಗೆ..."

"ಅವ್ವ, ಸುಳ್ಳಲ್ಲ ನಾನು ಹೇಳ್ತಿರೋದು."

"ಶೆಡ್ಡಿಗೆ ಕರ್ಕೊಂಡು ಹೋದಾಗ್ಲೇ ಗೊತ್ತಾಯ್ತು ನನಗೆ, ಏನು ಹೇಳಿಕೊಡ್ತಾಳೆ ಅಂತ." ಅವಳು ಚೌಕಟ್ಟು ಹಿಡಿದು ಎದ್ದಳು. ಸೊಸೆಯ ಕಡೆ ಒಂದು ನೋಟ ಎಸೆದು ಒಳಗೆ ಹೋದಳು. ಒಳಗಿನಿಂದ ಕೋಣೆಯ ಬಾಗಿಲು ಮುಚ್ಚಿದ ಸದ್ದು ಬಂತು. ಜೋರಾಗಿ ಹಾಕಲಿಲ್ಲ, ಮೆಲ್ಲಗೆ ಎಳೆದುಕೊಂಡಳು.

ನಿಜ ಹೇಳಿದರೂ ಹೀಗಾಗಬಹುದು ಎಂದು ಯಾರಿಗೆ ಹೊಳೆದಿತ್ತು?

"ನನಗೆ ಗೊತ್ತಿತ್ತು ಭಾವ" ಎಂದ ಕಡ್ಡಿ, ಕಣ್ಣು ನೆಲಕ್ಕಿಟ್ಟು. "ನೀವು ಚೆಂಡು ನೋಡ್ತಿರ್ಲಿಲ್ಲ. ನನ್ನನ್ನೇ ನೋಡ್ತಾ ಓಡಿ ಬರ್ತಿದ್ರಿ."

"ಗೊತ್ತಿದ್ದೂ ಯಾರ ಹತ್ರಾನೂ ಹೇಳ್ಲಿಲ್ಲ."

"ಏನಂತ ಹೇಳ್ಲಿ? ನನ್ನ ಕಾಲೂ ಎದ್ದಿತ್ತು. ಒಂದು ಹೆಜ್ಜೆ ಬಂದಿದ್ದೆ. ಆಮೇಲೆ ನಿಂತ್ಕೊಂಡೆ." ಅವನು ಚಪ್ಪಲಿಯಿಂದ ಮಣ್ಣು ಕೆದಕಿದ. "ನನಗೂ ಆಡ್ಬೇಕಿತ್ತು ಭಾವ. ನಿಮ್ಮನ್ನ ಔಟ್ ಮಾಡಿಯಾದ್ರೂ ಆಡ್ಬೇಕಿತ್ತು. ಆ ಹೊತ್ತಿಗೆ ನನ್ನ ಮನಸ್ಸಲ್ಲಿ ಅಷ್ಟೇ ಇದ್ದದ್ದು. ಅತ್ತೆ ಬೈಯೋದರಲ್ಲಿ ಸ್ವಲ್ಪ ನಿಜ ಇದೆ ಅನ್ನಿಸ್ತು, ಅದಕ್ಕೇ ಕೇಳಿಸ್ಕೊಂಡೆ."

ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದಳು. ಗಂಡ ಬಂದು ಮೆಟ್ಟಿಲ ಮೇಲೆ ಕಡ್ಡಿಯ ಪಕ್ಕ ಕೂತ. ಇಬ್ಬರ ಮೊಣಕಾಲೂ ಒಂದೇ ಎತ್ತರಕ್ಕಿದ್ದವು, ಒಂದಕ್ಕೆ ಪಟ್ಟಿ ಸುತ್ತಿತ್ತು.

"ನಿಂತದ್ದು ಸರಿ" ಎಂದ. "ಬ್ಯಾಡ ಅಂದ ಮೇಲೆ ನಿಲ್ಲಬೇಕು. ಯಾರೇ ಓಡಿ ಬರ್ಲಿ." ಪಟ್ಟಿಯನ್ನು ಬಿಗಿದುಕೊಳ್ಳುತ್ತ ಕೇಳಿದ: "ನನ್ನ ಔಟ್ ಮಾಡಿದ ಆ ಎಡಗೈನವನು, ನೀನು ಹೋಗೋ ದೇಶದ ತಂಡದಲ್ಲಿ ಈಗಲೂ ಇದ್ದಾನಲ್ಲ?"

"ಇದ್ದಾನೆ. ಹೊಸ ಚೆಂಡು ಅವನದೇ."

"ಏಳು."

ಊಟದ ಹೊತ್ತು ಮೀರಿತ್ತು. ಅವಳು ತಟ್ಟೆ ಹಾಕಿ ಕರೆದರೂ ಇಬ್ಬರೂ ಬರಲಿಲ್ಲ. ಅಂಗಳದ ನಡುವೆ ಕಡ್ಡಿ ಬರಿಗೈಯಲ್ಲಿ ಬ್ಯಾಟು ಹಿಡಿದವನಂತೆ ನಿಂತಿದ್ದ. ಭಾವ ಅವನ ಮಣಿಕಟ್ಟು ಹಿಡಿದು ತಿರುಗಿಸಿ ತೋರಿಸುತ್ತಿದ್ದ. ಒಳಕ್ಕೆ ಬರುವ ಚೆಂಡಿಗೆ ಮುಂಚೆ ಆ ಬೌಲರ್ ಕಾಲರ್ ಎಳೆದುಕೊಳ್ಳುತ್ತಾನೆ, ಹೊರಗೆ ಹೋಗುವ ಚೆಂಡಿಗೆ ಎಳೆದುಕೊಳ್ಳುವುದಿಲ್ಲ. ಓಟ ಶುರುಮಾಡುವ ಮೊದಲೇ ಗೊತ್ತಾಗುತ್ತದೆ. ಮೂರು ವರ್ಷ ಅದೇ ಮೂರು ಔಟುಗಳನ್ನು ಹಾಕಿಕೊಂಡು ನೋಡಿ ನೋಡಿ ಭಾವನೊಬ್ಬನೇ ಕಂಡುಹಿಡಿದದ್ದು. ಮತ್ತೆ ಒಂದು ದಿನ ಆ ಬೌಲರನೆದುರು ನಿಂತಾಗ ಬೇಕಾಗುತ್ತದೆಂದು ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ. ಈಗ ಹೇಳಿದ. ಕಡ್ಡಿ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ, ಕೇಳದ್ದನ್ನೂ ಹೇಳಿದ. ವಾಪಸು ಬಂದ ದಬ್ಬಳ ಗೇಟಿನ ಬಳಿ ನಿಂತು ಸ್ವಲ್ಪ ಹೊತ್ತು ನೋಡಿ, "ಇಬ್ಬರಿಗೂ ಬಿಸಿಲು ಹತ್ತಿದ ಹಾಗಿದೆ" ಎಂದು ತನ್ನ ಚೀಲದ ಮುಂದೆ ಕೂತ.

ಮೂರು ಗಂಟೆಗೆ ಮೊದಲು ಅವಳು ಹಾಸಿಗೆಯನ್ನೂ ಬ್ಯಾಟುಗಳನ್ನೂ ಎತ್ತಿಕೊಂಡು ಪಕ್ಕದ ಕೋಣೆಯಲ್ಲಿ ಮತ್ತೆ ಇಟ್ಟಳು. ಟ್ರಂಕನ್ನು ಗಂಡ ಒಂದು ಕಡೆ, ತಮ್ಮ ಒಂದು ಕಡೆ ಹಿಡಿದು ಒಳಗೊಯ್ದರು. ಅತ್ತೆಯ ಕೋಣೆಯ ಬಾಗಿಲು ತೆರೆಯಲಿಲ್ಲ. ಕಡ್ಡಿ ಆ ಬಾಗಿಲ ಮುಂದೆ ಬಾಗಿ ಹೊಸಿಲು ಮುಟ್ಟಿ, "ಹೋಗಿ ಬರ್ತೀನಿ ಅತ್ತೆ" ಎಂದ. ಒಳಗೆ ಮಂಚ ಕಿರ್ ಎಂದಿತು. ಅವನು ಇನ್ನಷ್ಟು ಹೊತ್ತು ನಿಂತಿದ್ದ. ಬಸ್ಸಿನ ಹಾರ್ನು ಕೇಳಿಸಿದ ಮೇಲೆ ಹೊರಟ.

ಬಸ್ಸು ಹೋಯಿತು. ಭಾವ ರಸ್ತೆಯ ತಿರುವಿನವರೆಗೂ ಹೋಗಿ ಬಿಟ್ಟು ಬಂದ. ಕೈಕಾಲು ತೊಳೆದು, ಆರಿದ ಊಟ ಮಾಡಿ, ಈರುಳ್ಳಿಯ ಮುಂದೆ ಕೂತ. ಸಂಜೆಯೊಳಗೆ ಇನ್ನು ಹತ್ತು ಬುಟ್ಟಿ ಆಗಬೇಕಿತ್ತು. ಅವಳೂ ಎದುರು ಕೂತು ಕತ್ತಿ ಎತ್ತಿಕೊಂಡಳು.

"ಅತ್ತೆ ಊಟ ಮಾಡಿಲ್ಲ."

"ಗೊತ್ತು."

"ಅವರು ನಂಬಲ್ಲ ರೀ. ನೀವು ಹೇಳಿದಷ್ಟೂ ನಿಮ್ಮನ್ನ ದೊಡ್ಡವರು ಮಾಡ್ತಾರೆ, ಅವನನ್ನ ಕೆಟ್ಟವನು ಮಾಡ್ತಾರೆ."

"ನಾಳೆ ಬೆಳಗ್ಗೆ ಎಣ್ಣೆ ತಿಕ್ಕೋಕೆ ಬರ್ತಾಳಲ್ಲ, ಆಗ ಮತ್ತೆ ಹೇಳ್ತೀನಿ."

"ನಾಳೆನೂ ನಂಬ್ದಿದ್ರೆ?"

ಅವನು ಗೆಡ್ಡೆಯೊಂದನ್ನು ಹೊರಳಿಸಿ ನೋಡುತ್ತಿದ್ದವನು ಕೈ ನಿಲ್ಲಿಸಿದ. "ಅವಳು ದಿನಾ ಬರ್ತಾಳೆ" ಎಂದ. ಗೆಡ್ಡೆಯನ್ನು ಅದರ ರಾಶಿಗೆ ಹಾಕಿ ಮುಂದಿನದಕ್ಕೆ ಕೈ ಚಾಚಿದ.